ಸೋಫಾ ಮಾವ ತಡವರಿಸಿದ ಸಾಲು

ಸೋಫಾ ಮಾವನ ಬಾಯಿಂದ ಮಾತು ಕೇಳ್ಬೇಕು ಅಂದ್ರೆ ವಾರದ ಪ್ರಾರ್ಥನೆ ದಿನದವರೆಗೂ ಕಾಯ್ಬೇಕು. ಮಿಕ್ಕ ದಿನ ಬಾಯಿ ತುಂಬ ಮೊಳೆ. ಸಣ್ಣ ಸಣ್ಣ ಮೊಳೆ ತುಟಿ ಮಧ್ಯೆ ಕಚ್ಚಿಕೊಂಡು, ನಾಲಿಗೆಯಿಂದ ಒಂದೊಂದೇ ಮುಂದಕ್ಕೆ ತಳ್ಳಿ, ಹಳೇ ಸೋಫಾಗೆ ಹೊಸ ರೆಕ್ಸಿನ್ ಎಳೆದು ಬಡೀತಾ ಇರ್ತಾರೆ. ಗಿರಾಕಿ ಏನು ಕೇಳಿದ್ರೂ ಹುಬ್ಬಲ್ಲೇ ಉತ್ತರ. ಒಂದು ಹುಬ್ಬು ಎತ್ತಿದ್ರೆ ನಾಳೆ ಬನ್ನಿ ಅಂತ. ಎರಡೂ ಎತ್ತಿದ್ರೆ ಈ ಜನ್ಮದಲ್ಲಿ ಆಗಲ್ಲ ಅಂತ.

ಅಂಥವರು ಪ್ರಾರ್ಥನಾ ಮಂದಿರದಲ್ಲಿ ಧರ್ಮಗ್ರಂಥ ಓದೋಕೆ ನಿಂತ್ರೆ ಮೈಕೇ ಬೇಡ. ಅಲ್ಲಿ ಇಷ್ಟ ಬಂದ ಪುಟ ಆರಿಸೋ ಹಾಗಿಲ್ಲ, ವಾರವಾರ ಸರದಿಯಲ್ಲಿ ಯಾವುದು ಬರುತ್ತೋ ಅದೇ. ಇನ್ನೊಂದು ಪದ್ಧತಿ ಏನಂದ್ರೆ, ಓದುವವರು ಎಲ್ಲಾದ್ರೂ ತಡವರಿಸಿದ್ರೆ ಕೂತವರು ಮುಂದಿನ ಮಾತನ್ನ ಗಟ್ಟಿಯಾಗಿ ಎತ್ತಿಕೊಡ್ಬೇಕು. ಓದುವವರು ಆ ಸಾಲನ್ನ ಮತ್ತೆ ಶುರುವಿಂದ ಓದ್ಬೇಕು. ಚಿಕ್ಕಂದಿನಿಂದ ಕೇಳಿ ಕೇಳಿ ಎಲ್ರಿಗೂ ಬಾಯಿಪಾಠ ಆಗಿರುತ್ತಲ್ಲ. ಸೋಫಾ ಮಾವ ಮಾತ್ರ ಯಾರಿಗೂ ಆ ಅವಕಾಶ ಕೊಟ್ಟೋರಲ್ಲ.

ಆಮೇಲೊಂದು ದಿನ ಗಲಾಟೆ ಆಯ್ತು. ನಲ್ಲೀಲಿ ನೀರು ಬರ್ತಿಲ್ಲ ಅಂತ ಜನ ರಸ್ತೆಗಿಳಿದ್ರು, ಪೊಲೀಸರು ಗುಂಡು ಹಾರಿಸಿದ್ರು, ಮಾವನ ತಮ್ಮ ಅಲ್ಲೇ ಬಿದ್ದು ಸತ್ತ. ಕಲ್ಲು ತೂರ್ತಿದ್ದ, ನಾವು ಗಾಳಿಯಲ್ಲಿ ಹಾರಿಸಿದ್ವಿ ಅಂತ ಸರ್ಕಾರದ ಹೇಳಿಕೆ ಬಂತು. ಅವತ್ತು ಮಾವ ಬಾಯಿಂದ ಮೊಳೆ ಎಲ್ಲಾ ಅಂಗೈಗೆ ಉಗುಳಿ ಒಂದೇ ಮಾತು ಕೇಳಿದ್ರು. "ಗಾಳೀಲಿ ಹಾರಿಸಿದ ಗುಂಡು ತಗುಲೋಕೆ ನನ್ನ ತಮ್ಮ ಏನು ಹಕ್ಕೀನಾ?"

ಅವರ ಅಕ್ಕನ ಮಗಳು ಸಾಕ್ಷ್ಯಚಿತ್ರ ತೆಗೆಯೋಳು. ಚಿಕ್ಕ ಮಾವನ ಕೈಯಲ್ಲಿ ಕಲ್ಲಿರಲಿಲ್ಲ ಅಂತ ಯಾರಾದ್ರೂ ಒಬ್ರು ಕ್ಯಾಮೆರಾ ಮುಂದೆ ಹೇಳಿದ್ರೆ ಸಾಕು ಅಂತ ಬೀದಿಯೆಲ್ಲ ಅಲೆದಳು. ಎಲ್ರೂ ಟೀ ಕೊಟ್ರು, ಮಾತು ಕೊಡಲಿಲ್ಲ. ಮೂಲೆಯಲ್ಲಿ ಮೊಟ್ಟೆ ಅಂಗಡಿ ಇಟ್ಟಿರೋ ಮೊಟ್ಟೆ ಅಕ್ಕನ ಎದುರಿಗೇ ಗುಂಡು ಹಾರಿದ್ದು. ಆಕೆ ಕ್ಯಾಮೆರಾ ಕಂಡಿದ್ದೇ ಶಟರ್ ಎಳೆದಳು. "ನಂಗೂ ಗಂಡು ಮಕ್ಳಿದಾರಮ್ಮ, ಹೋಗು" ಅಂತ ಒಳಗಿಂದ ದನಿ ಬಂತು.

ಸೋತು ಸುಣ್ಣ ಆಗಿ ಅವಳು ಮಾವನ ಅಂಗಡಿಗೆ ಬಂದು ಫೋಮಿನ ರಾಶಿ ಮೇಲೆ ಬಿದ್ದಳು.

"ಮಾವ, ಗ್ರಂಥದಲ್ಲಿ ಬಾವಿ ಹತ್ರ ಜನರನ್ನ ಕೊಲ್ಲೋ ಭಾಗ ಇದೆಯಲ್ಲ, ಅದನ್ನ ಓದಿಕೊಡಿ. ರಸ್ತೆಯ ದೃಶ್ಯದ ಮೇಲೆ ನಿಮ್ಮ ದನಿ ಹಾಕ್ತೀನಿ."

ಮಾವ ಎರಡೂ ಹುಬ್ಬು ಎತ್ತಿದ್ರು.

"ಯಾಕಂತೆ?"

ಮೊಳೆ ತೆಗೆದ್ರು. "ಸರದಿ ಬಂದಿಲ್ಲ ಪುಟ್ಟಿ. ನಮಗೆ ಬೇಕಾದ ಪುಟ ನಾವು ಹರಿದುಕೊಂಡ್ರೆ, ನಾಳೆ ಅವರಿಗೆ ಬೇಕಾದ್ದು ಅವರು ಹರ್ಕೋತಾರೆ. ಅಲ್ಲದೆ ತಮ್ಮನ ಪರ ಅಣ್ಣ ಓದಿದ್ರೆ ಅದರಲ್ಲೇನು ದೊಡ್ಡದು?"

"ಸರದಿ ಯಾವಾಗ ಬರುತ್ತೆ?"

ಮಾವನಿಗೆ ಗೊತ್ತಿತ್ತು. ಎಷ್ಟೋ ದಿನದಿಂದ ಆ ಪುಟ ಹತ್ರ ಹತ್ರ ಬರೋದನ್ನ ನೋಡ್ತಾ ಒಳಗೊಳಗೇ ಬೆವರ್ತಿದ್ರು. "ಬರೋ ವಾರ" ಅಂದ್ರು.

ಮಂದಿರದ ಹಿರಿಯರು ಕ್ಯಾಮೆರಾಗೆ ಒಪ್ಪಿದ್ರು. "ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಮ್ಮಿ ಇಲ್ಲ, ಆಯ್ತಾ?" ಅಂದ್ರು. ಮಾವ ತಲೆ ಆಡಿಸಿದ್ರು. ಮನಸ್ಸಲ್ಲೂ ಅದೇ ಇತ್ತು. ನೆಟ್ಟಗೆ ಓದಿ ಮುಗಿಸೋದು, ಅಷ್ಟೇ.

ಓದು ಶುರುವಾಯ್ತು. ದೊರೆಯ ಭಟರು ಬಾವಿ ಹತ್ರ ಬಂದ್ರು, ನೀರು ಕೇಳಿದವರನ್ನ ಕೊಂದ್ರು. ಮಾವನ ದನಿ ಗೋಡೆಗೆ ಬಡಿದು ವಾಪಸ್ ಬರ್ತಿತ್ತು. ಮುಂದಿನ ಸಾಲು ಬಂತು. "ದೇವರು ಊರನ್ನು ಕೇಳಿದನು, ಸತ್ತವರ ಕೈಯಲ್ಲಿ ಏನಿತ್ತು?"

ಅಲ್ಲಿಗೆ ನಿಂತುಹೋಯ್ತು. ನಿಜವಾಗ್ಲೂ ಗಂಟಲು ಕಟ್ಟಿತು. ಅಕ್ಷರ ಕಣ್ಮುಂದೆ ಇದೆ, ಬಾಯಿಗೆ ಬರ್ತಿಲ್ಲ. ಅಷ್ಟರಲ್ಲಿ ಹಿಂದಿನ ಸಾಲಿಂದ ಒಂದು ಹೆಣ್ಣು ದನಿ ಮೆಲ್ಲಗೆ ಎತ್ತಿಕೊಡ್ತು. "ಏನೂ ಇರಲಿಲ್ಲ."

ಮೊಟ್ಟೆ ಅಕ್ಕ. ಪದ್ಧತಿ ಪ್ರಕಾರ ಹೇಳಿದ್ದು, ಅಷ್ಟೇ. ಆದ್ರೆ ಹೇಳಿದ ಮೇಲೆ ತಾನು ಹೇಳಿದ್ದೇನು ಅಂತ ತಿಳಿದು ಸೆರಗಲ್ಲಿ ಬಾಯಿ ಮುಚ್ಕೊಂಡಳು.

ಮಾವ ಸಾಲನ್ನ ಮತ್ತೆ ಶುರುವಿಂದ ಓದಿದ್ರು. ಈ ಸಲ ಗಂಟಲು ಗಂಟೆ ಥರ ಇತ್ತು. "ಸತ್ತವರ ಕೈಯಲ್ಲಿ ಏನಿತ್ತು?" ಅಂತ ಕೇಳಿ ಪುಸ್ತಕದಿಂದ ತಲೆ ಎತ್ತಿ ಜನರನ್ನ ನೋಡಿದ್ರು. ಬಾಯಿ ಮುಚ್ಚಿದ್ರು.

"ಏನೂ ಇರಲಿಲ್ಲ." ಈಗ ಅರ್ಧ ಮಂದಿರ. ಬೇಕರಿಯವನು, ಔಷಧಿ ಅಂಗಡಿಯವನು, ಟೀ ಕೊಟ್ಟು ಕಳಿಸಿದ್ದ ಮನೆಯವರು.

ಮೂರನೇ ಸಲ ಮಾವ ಕೇಳಿದಾಗ ಇಡೀ ಊರು ಹೇಳ್ತು. ಕ್ಯಾಮೆರಾ ಒಂದೊಂದೇ ಮುಖದ ಮೇಲೆ ಹೋಯ್ತು. ಯಾರೂ ಮುಖ ತಿರುಗಿಸಲಿಲ್ಲ.

ಎಲ್ರೂ ಎದ್ದು ಹೋದ ಮೇಲೆ ಹಿರಿಯರು ಮಾವನನ್ನ ಕೂರಿಸಿದ್ರು. "ಮೊದಲನೇ ಸಲ ಗಂಟಲು ಕಟ್ಟಿತು, ಸರಿ. ಎರಡನೇ ಸಲ?"

"ಎರಡನೇ ಸಲ ನಾನೇ ನಿಲ್ಲಿಸಿದೆ."

"ದೇವರ ಮಾತನ್ನ ಸಿನಿಮಾಕ್ಕೆ ಬಳಸ್ಕೊಂಡೆ ಅಂತ ಆಯ್ತಲ್ಲಪ್ಪ."

"ಆಯ್ತು. ಬೇರೆ ಯಾರ ಮಾತಿಗೆ ಇವರು ಬಾಯಿ ಬಿಡ್ತಿದ್ರು, ನೀವೇ ಹೇಳಿ."

ಹಿರಿಯರು ಕನ್ನಡಕ ತೆಗೆದು ಒರೆಸಿ ಒರೆಸಿ, ಮುಂದಿನ ವಾರದಿಂದ ಬೇರೆಯವರು ಓದ್ಲಿ ಅಂದ್ರು. ಮಾವ ಹೂಂ ಅಂದು ಎದ್ದು ಬಂದ್ರು. ಬರೋ ದಾರಿಯೆಲ್ಲ ಅದೇ ಕೊರೆತ. ದೇವರು ಕೇಳಿದ ಪ್ರಶ್ನೇನ ತಾನು ತನ್ನ ತಮ್ಮನಿಗೋಸ್ಕರ ಕೇಳಿದೆನಲ್ಲ, ಅದು ಓದೋ ಅಥವಾ ಮೋಸವೋ?

ಮಾರನೇ ದಿನ ಮೊಟ್ಟೆ ಅಕ್ಕ ಮಾವನ ಅಂಗಡಿಗೆ ಬಂದಳು. ಬಂದವಳೇ ಸ್ಪ್ರಿಂಗ್ ಕಿತ್ತ ಸೋಫಾದ ತುದಿಯಲ್ಲಿ ಕೂತು, "ಎಲ್ಲಿ ನಿನ್ನ ಅಕ್ಕನ ಮಗಳು? ಕ್ಯಾಮೆರಾ ತರೋಕೆ ಹೇಳು. ನಾವು ನಿನ್ನೆ ಹೇಳಿದ್ದು ಸುಳ್ಳು" ಅಂದಳು.

ಮಾವ ಮೊಳೆ ಉಗುಳಿ ಅವಳಿಗೆ ಫೋನ್ ಮಾಡಿದ್ರು.

ಅಕ್ಕನ ಮಗಳು ಓಡಿ ಬಂದಳು, ಕ್ಯಾಮೆರಾ ಇಟ್ಟಳು. ಮೊಟ್ಟೆ ಅಕ್ಕ ಅದನ್ನೇ ದಿಟ್ಟಿಸಿ ಹೇಳಿದಳು. "ಪುಸ್ತಕದಲ್ಲಿ ಏನೂ ಇರಲಿಲ್ಲ ಅಂತಿದೆ. ಇವರ ತಮ್ಮನ ಕೈಯಲ್ಲಿ ಇತ್ತು. ನನ್ನ ಅಂಗಡಿ ಮೊಟ್ಟೆ, ಪೇಪರಲ್ಲಿ ಸುತ್ತಿಕೊಟ್ಟಿದ್ದೆ. ಕೈ ಎತ್ತಿ ಅಂತ ಪೊಲೀಸರು ಕೂಗಿದ್ರು. ಎಲ್ರೂ ಎತ್ತಿದ್ರು. ಅವನು ಮೊಟ್ಟೆ ಒಡೆದು ಹೋಗುತ್ತೆ ಅಂತ, ಮೊದ್ಲು ಪೊಟ್ಟಣ ಕೆಳಗಿಡೋಕೆ ಬಗ್ಗಿದ. ಬಗ್ಗಿದ್ದು ನೋಡಿ ಗುಂಡು ಹೊಡೆದ್ರು. ಇಷ್ಟೇ. ನಾನು ಕಂಡಿದ್ದು ಇದು. ಎಲ್ಲಿ ಬೇಕಾದ್ರೂ ಹೇಳ್ತೀನಿ."

ಅಕ್ಕನ ಮಗಳು ಕಣ್ಣೊರೆಸ್ಕೊಂಡು ಮೆಲ್ಲಗೆ ಕೇಳಿದಳು. "ಮಾವ, ಮಂದಿರದಲ್ಲಿ ಏನೂ ಇರಲಿಲ್ಲ ಅಂತಾರೆ, ಇಲ್ಲಿ ಇತ್ತು ಅಂತಾರೆ. ಒಂದಕ್ಕೊಂದು ಹೊಂದಲ್ಲ. ಚಿತ್ರದಲ್ಲಿ ಯಾವುದನ್ನ ಇಡಲಿ?"

ಮಾವ ಅರ್ಧ ಬಡಿದಿದ್ದ ಸೋಫಾ ಮೇಲೆ ಅಂಗೈ ಆಡಿಸ್ತಾ ಯೋಚನೆ ಮಾಡಿದ್ರು.

"ಎರಡನ್ನೂ ಇಡು ಪುಟ್ಟಿ" ಅಂದ್ರು. "ಮೊದ್ಲು ಗ್ರಂಥದ್ದು. ಆಮೇಲೆ ಮೊಟ್ಟೇದು."