ಗುರಪ್ಪ ಕಾಕಾನ ಕೆಂಪು ದಾರ

ಗುರಪ್ಪ ಕಾಕಾ ಮಲಗಿದಾಗ ಎರಡೂ ಅಂಗೈಗಳನ್ನು ಬಟ್ಟಲಿನಂತೆ ಕೂಡಿಸಿ ಬಾಯಿಯ ಮುಂದೆ ಹಿಡಿದಿರುತ್ತಿದ್ದರು. ಅಕ್ಕಲಕೋಟದ ಬೇಸಿಗೆಯ ಮಧ್ಯಾಹ್ನ, ಅಂಗಳದ ಫರಸಿ ಕಲ್ಲು ಕಾಲಿಡಲಾಗದಷ್ಟು ಕಾದಿರುವಾಗ, ಬರಿಮೈಯಲ್ಲಿ ಪಡಸಾಲೆಯಲ್ಲಿ ಮಲಗಿದ ಆ ದೊಡ್ಡ ಆಳು ಮುಖದೆದುರು ಹೀಗೆ ಕೈ ಹಿಡಿದು ಗೊರಕೆ ಹೊಡೆಯುವುದನ್ನು ನೋಡಿ ನಾವು ಮಕ್ಕಳು ನಗುತ್ತಿದ್ದೆವು. ಯಾರಾದರೂ ಕೈ ಸರಿಸಿದರೆ ಎಚ್ಚರಾಗದೆಯೇ ಮತ್ತೆ ಅಲ್ಲಿಗೇ ತರುತ್ತಿದ್ದರು. ಕಾಕಿಯನ್ನು ಕೇಳಿದರೆ, "ಅವರು ಇನ್ನೂ ಬರ್ಫದಾಗ ಅದಾರ. ಮಲಗಲಿ, ಎಬ್ಬಸಬ್ಯಾಡ್ರಿ" ಎನ್ನುತ್ತಿದ್ದಳು.

ಅವರು ನನ್ನ ತಂದೆಯ ಚಿಕ್ಕಪ್ಪನ ಮಗ. ಮನೆತನದ ಎಣ್ಣೆ ಗಿರಣಿಯನ್ನು ತಮ್ಮನಿಗೆ ಬಿಟ್ಟು ಎಳೆಯ ವಯಸ್ಸಿನಲ್ಲೇ ಸೈನ್ಯ ಸೇರಿದ್ದರು. ಉತ್ತರದ ಹಿಮದ ಗುಡ್ಡಗಳಲ್ಲಿ ಜವಾನರಿಗೆ ಸ್ಕೀ ಕಲಿಸುತ್ತ ಸುಬೇದಾರರಾಗಿ ನಿವೃತ್ತರಾದರು. ಊರಿಗೆ ಮರಳಿದ ಮೇಲೆ ಗಿರಣಿಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಬರ್ಫದ ಕತೆ ಹೇಳುವುದೇ ಅವರ ಉದ್ಯೋಗ. ಚಪಳಗಾಂವದಿಂದ ಶೇಂಗಾ ತಂದ ರೈತರು ತೂಕ ಮುಗಿಯುವ ತನಕ ಬೇರೆ ದಾರಿಯಿಲ್ಲದೆ ಕೇಳುತ್ತಿದ್ದರು. ಒಬ್ಬ ರೈತ ಒಮ್ಮೆ, "ಸುಬೇದಾರ್ರ, ಅಷ್ಟ ಬರ್ಫ ಇದ್ರ ಒಂದ ಗಾಡಿ ಈ ಕಡೆ ಹೊಡೀಬಾರದಾಗಿತ್ತೇನ್ರಿ? ನಮ್ಮ ಹೊಲಕ್ಕರ ಆಗತಿತ್ತು" ಎಂದ. ಕಾಕಾ, "ಹೊಡೀತಿದ್ನಪಾ, ನಿನ್ನ ಮಾರಿ ನೋಡಿ ದಾರಿಯೊಳಗ ಕರಗತಿತ್ತು" ಎಂದರು. ಜಂಬದ ಮನುಷ್ಯ. ಬೇರೆಯವರ ತಟ್ಟೆಯ ಶೇಂಗಾ ಚಟ್ನಿಗೂ ಕೈ ಹಾಕುವವರು.

ಆದರೆ ಒಂದು ಕತೆಯನ್ನು ಮಾತ್ರ ಅವರು ಗಿರಣಿಯ ಬಾಗಿಲಲ್ಲಿ ಹೇಳುತ್ತಿರಲಿಲ್ಲ. ನಾನು ಅದನ್ನು ಎಷ್ಟು ಸಲ, ಎಷ್ಟು ರೂಪದಲ್ಲಿ ಕೇಳಿದ್ದೇನೋ ಈಗ ಖಚಿತವಾಗಿ ಹೇಳಲಾರೆ. ಒಂದು ಇಳಿಜಾರಿನಲ್ಲಿ ಅವರೂ ಅವರ ಜೊತೆಗಾರನೂ ಹೋಗುತ್ತಿದ್ದಾಗ ಮೇಲಿನ ಹಿಮವೆಲ್ಲ ಕುಸಿದು ಇಬ್ಬರನ್ನೂ ಹೂತುಹಾಕಿತು. ಕಾಕಾನ ಸೊಂಟಕ್ಕೆ ಕಟ್ಟಿ ಹಿಂದೆ ಬಿಟ್ಟಿದ್ದ ಉದ್ದನೆಯ ಕೆಂಪು ದಾರದ ತುದಿ ಹಿಮದ ಮೇಲೆ ಉಳಿದಿತ್ತು. ಅದನ್ನು ಹಿಡಿದು ಬಂದವರು ಅವರನ್ನು ಅಗೆದು ತೆಗೆದರು. ಜೊತೆಗಾರ ದಾರ ಕಾಲಿಗೆ ತೊಡಕುತ್ತದೆಂದು ಸುತ್ತಿ ಕಿಸೆಯಲ್ಲಿ ಇಟ್ಟುಕೊಂಡಿದ್ದ. ಹಿಮ ಕರಗಿದ ಮೇಲೂ ಅವನು ಸಿಗಲಿಲ್ಲ. ಒಳಗೆ ಎಷ್ಟು ಹೊತ್ತು ಇದ್ದಿರಿ ಎಂದರೆ ಒಮ್ಮೆ "ಒಂದು ಚಹಾ ಕುಡಿಯೂವಷ್ಟು" ಎಂದಿದ್ದರು, ಇನ್ನೊಮ್ಮೆ "ಅರ್ಧಾ ದಿನ". ಪುಣೆಯಲ್ಲಿ ಭೌತಶಾಸ್ತ್ರ ಓದಿ ಬಂದಿದ್ದ ನನಗೆ ಈ ವ್ಯತ್ಯಾಸ ದೊಡ್ಡದಾಗಿ ಕಾಣುತ್ತಿತ್ತು.

ಎಪ್ಪತ್ತರ ದಶಕದ ನಡುವಿನ ಒಂದು ದೀಪಾವಳಿಗೆ ನನ್ನ ಪುಣೆಯ ಗೆಳೆಯ ವಿನಾಯಕ ಸೋಲಾಪುರದ ನಮ್ಮ ಮನೆಗೆ ಬಂದ. ಹಿಂದಿನ ವರ್ಷ ನಾವಿಬ್ಬರೂ ಮನಾಲಿಯಲ್ಲಿ ಸ್ಕೀ ಕಲಿತಿದ್ದೆವು. ಈ ಸಲ ಕಲಿಯುವವರು ತುಳಿದು ಗಟ್ಟಿಮಾಡಿದ ಜಾಗ ಬೇಡ, ಅದರಾಚೆ ಯಾರೂ ಇಳಿಯದ ಗುಡ್ಡಗಳಿಗೆ ಹೋಗೋಣ ಎಂದ. ನಾನು ಒಪ್ಪಿದೆ. ಅವ್ವ ಒಪ್ಪಲಿಲ್ಲ. "ಗುರಪ್ಪ ಹೂಂ ಅಂದ್ರ ಹೋಗು" ಎಂದಳು. ಹಾಗಾಗಿ ನಾನು ಅಕ್ಕಲಕೋಟದ ಬಸ್ಸು ಹತ್ತಿದೆ.

ಕಾಕಾ ಕುರ್ಚಿಯಿಂದ ಏಳದೆ ಕೇಳಿದರು: "ಏನೇನ ಒಯ್ಯಾಂವ ಅದಿ?"

"ಸ್ಕೀ ಅದಾವ್ರಿ. ಬೂಟು, ಕರೀ ಚಸ್ಮಾ, ಎರಡು ಸ್ವೆಟರು."

"ಅದು ನೀ ಹೋಗೂ ಸಾಮಾನು. ನಿನ್ನ ಹುಡುಕೂ ಸಾಮಾನು ಯಾವದು?"

"ಹುಡುಕೂದಂದ್ರ?"

"ಚಂದ್ಯಾ, ನೀ ಒಳಗ ಹೋದ ಮ್ಯಾಲ ನಿನ್ನ ಗೆಳ್ಯಾ ಏನ ಮಾಡಾಂವ? ಮ್ಯಾಲ ನಿಂತು ನಿನ್ನ ಹೆಸರು ಹಿಡದು ಒದರಾಂವೇನು? ಬರ್ಫದಾಗಿಂದ ಯಾಂವಾ ಓ ಅನ್ನಂಗಿಲ್ಲೋ."

ನಾನು ಎಷ್ಟು ಕೋನದ ಇಳಿಜಾರಿನಲ್ಲಿ ಹಿಮ ಜಾರುತ್ತದೆ, ಘರ್ಷಣೆ ಎಷ್ಟು ಎಂದೆಲ್ಲ ಹೇಳಿದೆ. ಕಾಕಾ ನಗಲಿಲ್ಲ. ಕಂಪಾಸ್ ಪೆಟ್ಟಿಗೆಯ ಕೋನಮಾಪಕಕ್ಕೆ ದಾರದ ತುದಿಯಲ್ಲಿ ಕಲ್ಲು ಕಟ್ಟಿ ಇಳಿಜಾರು ಅಳೆಯುವುದನ್ನು ತೋರಿಸಿದಾಗ ಅದನ್ನು ಕಸಿದುಕೊಂಡು ಗಿರಣಿಯ ಹೊಟ್ಟಿನ ರಾಶಿಯನ್ನು ನಾಲ್ಕೂ ಕಡೆಯಿಂದ ಅಳೆದರು. "ಇದು ಚಲೋ ಐತಿ. ನಾವು ಕಣ್ಣಿಲೆ ನೋಡತಿದ್ವಿ, ಕಣ್ಣು ಸುಳ್ಳ ಹೇಳತಿತ್ತು" ಎಂದರು. ಆಮೇಲೆ ದನಿ ಇಳಿಸಿದರು. "ಮೊದಲ ಅಂಜೂದು ಕಲಿ. ಅಂಜಿಕಿ ಕಿಸೇದಾಗ ಇರಬೇಕು, ಕೈಗೆ ಲಗೂನ ಸಿಗೂಹಂಗ. ಟ್ರಂಕಿನ ತಳದಾಗ ಇಟ್ರ ಉಪೇಗಿಲ್ಲ."

ಆ ಹೊಟ್ಟಿನ ರಾಶಿಯೇ ನನ್ನ ಶಾಲೆಯಾಯಿತು. ಶೇಂಗಾ ಒಡೆದ ಸಿಪ್ಪೆ ಗಿರಣಿಯ ಹಿಂದೆ ಆಳೆತ್ತರಕ್ಕಿಂತ ಎತ್ತರ ಬಿದ್ದಿರುತ್ತಿತ್ತು. ಕಾಕಾ ಅದರಲ್ಲಿ ಬೆಲ್ಲದ ಡಬ್ಬಿ, ಹಳೆಯ ಬೂಟು, ಒಮ್ಮೆ ಕಾಕಿಯ ಒನಕೆಯನ್ನೂ ಹೂತಿಟ್ಟು ನನಗೆ ಉದ್ದನೆಯ ಬಿದಿರುಗೋಲು ಕೊಟ್ಟು ಹುಡುಕು ಎನ್ನುತ್ತಿದ್ದರು. ಮನಸ್ಸಿಗೆ ಬಂದಲ್ಲಿ ಚುಚ್ಚುವಂತಿಲ್ಲ. ಸಾಲು ಹಿಡಿದು, ಹೆಜ್ಜೆಗೊಮ್ಮೆ ಚುಚ್ಚಬೇಕು. ಹಿಡಿಕೆ ಮೊಟಕು ಮಾಡಿದ ಸಲಿಕೆಯಿಂದ ಅಗೆಯಬೇಕು. ಪರದೇಶದಲ್ಲಿ ಎದೆಗೆ ಕಟ್ಟಿಕೊಂಡರೆ ಹಿಮದೊಳಗಿಂದಲೇ ಕೂಗುವ ಯಂತ್ರ ಬಂದಿದೆಯಂತೆ ಎಂದು ಹೇಳಿ, "ನಮಗ ದಾರನ ಯಂತ್ರ" ಎಂದರು.

ಕೊನೆಗೆ ಒಂದು ದಿನ, "ಇವತ್ತ ನೀನ ಒನಕಿ" ಎಂದರು.

ರಾಶಿಯ ಬುಡದಲ್ಲಿ ಮಗ್ಗಲಾಗಿ ಮಲಗಿಸಿ, ನನ್ನ ಎರಡೂ ಅಂಗೈಗಳನ್ನು ತಾವೇ ಕೂಡಿಸಿ ಬಾಯಿಯ ಮುಂದೆ ಇಟ್ಟರು. ಬಾಲ್ಯದಿಂದ ನೋಡಿ ನಕ್ಕಿದ್ದ ಆ ಭಂಗಿ ಏನೆಂದು ಆಗ ತಿಳಿಯಿತು. "ಜಾಗಾ ಬಿಡಬ್ಯಾಡ. ಮುಖದ ಮುಂದ ಬೊಗಸಿಯಷ್ಟು ಜಾಗಾ ಇದ್ರ ನೀ ಇರ್ತಿ" ಎಂದರು. ಆಮೇಲೆ ಹೊಟ್ಟು ಸುರಿಯಿತು. ಮೊದಲು ಬೆಳಕು ಹೋಯಿತು, ಆಮೇಲೆ ಗಿರಣಿಯ ಸದ್ದು. ಹೊಟ್ಟು ಹಗುರ, ಅದರೊಳಗೆ ಗಾಳಿಯಾಡುತ್ತದೆ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದದ್ದು ಉಪಯೋಗಕ್ಕೆ ಬರಲಿಲ್ಲ. ಕಾಲು ಅಲುಗಿಸಲು ನೋಡಿದೆ, ಅಲುಗಲಿಲ್ಲ. ಮೇಲೆಲ್ಲೋ ರಾಶಿ ಒಮ್ಮೆ 'ಧಪ್' ಎಂದು ಕೂತಿತು. ಎದೆಯ ಮೇಲೆ ಯಾರೋ ಮೊಣಕಾಲೂರಿದಂತಾಯಿತು. ನಾನು ಕೂಗಿದೆ. ನನ್ನ ಕೂಗು ನನ್ನ ಅಂಗೈಯಲ್ಲೇ ಬಿಸಿಯಾಗಿ ಉಳಿಯಿತು. ಬಿದಿರುಗೋಲು ಬಂದು ಬೆನ್ನಿಗೆ ತಾಗಿದಾಗ ಅದನ್ನು ನೋವೆಂದು ತಿಳಿಯಲಿಲ್ಲ. ಬೆನ್ನನ್ನು ಅದಕ್ಕೆ ಒತ್ತಿಹಿಡಿದೆ, ಅದು ಮತ್ತೆ ಹೋಗಿಬಿಟ್ಟೀತೆಂದು.

ಒಳಗೆ ಬಹಳ ಹೊತ್ತು ಇದ್ದೆನೆಂದು ನಾನು ಈಗಲೂ ಆಣೆ ಮಾಡಿ ಹೇಳಬಲ್ಲೆ. ಗಿರಣಿಯವರು, ಹಚ್ಚಿದ ಬೀಡಿ ಮುಗಿದಿರಲಿಲ್ಲ ಎಂದರು. ಅಂದಿನಿಂದ ಕಾಕಾನ ಹೊತ್ತಿನ ಲೆಕ್ಕವನ್ನು ಪ್ರಶ್ನಿಸುವುದನ್ನು ಬಿಟ್ಟೆ.

ಮೈಗೆ ಅಂಟಿದ ಸಿಪ್ಪೆ ಝಾಡಿಸುತ್ತ ಕೂತಿದ್ದಾಗ ಅವರು ಹೇಳಿದ ಮಾತೊಂದು ನೆನಪಿದೆ. "ಸಾಯೂದಕ್ಕ ನಾ ಅಂಜಂಗಿಲ್ಲ. ಅಲ್ಲಿ ಒಳಗ ಇದ್ದಾಗ ಒಂದ ಅಂಜಿಕಿ ಇತ್ತು. ನಾ ಎಲ್ಲಿ ಅದೀನಂತ ಮ್ಯಾಲಿನವರಿಗೆ ತಿಳೀದಿದ್ರ? ನನ್ನ ತಲಿ ಮ್ಯಾಲ ನಿಂತು ಚಹಾ ಕುಡದು ಹೋಗಿಬಿಟ್ರ?" ಬಿದಿರುಗೋಲನ್ನು ರಾಶಿಗೆ ಒರಗಿಸಿ, "ನನ್ನ ಜೋಡೀದಾರನ ಮ್ಯಾಲ ನಾವು ಹಂಗ ನಿಂತಿದ್ದೇವೋ ಏನೋ" ಎಂದರು.

ನನ್ನ ದಾರವನ್ನು ಅವರೇ ಮಾಡಿದರು. ಸೋಲಾಪುರದ ನೇಕಾರರ ಓಣಿಯಿಂದ ನಾನು ತಂದುಕೊಟ್ಟ ಗಟ್ಟಿ ನೂಲನ್ನು ಹುರಿಮಾಡಿ ಕೆಂಪು ಬಣ್ಣದಲ್ಲಿ ಅದ್ದಿದರು. ಎಣ್ಣೆ ಡಬ್ಬಿಯ ತಗಡನ್ನು ಸಣ್ಣ ಸಣ್ಣ ಬಾಣಗಳಾಗಿ ಕತ್ತರಿಸಿ ಮಾರುದ್ದಕ್ಕೊಂದರಂತೆ ಕಟ್ಟಿದರು. ಎಲ್ಲ ಬಾಣಗಳ ಮೊನೆಯೂ ಸೊಂಟಕ್ಕೆ ಕಟ್ಟುವ ತುದಿಯ ಕಡೆಗೆ. ದಾರ ಹಿಮದಲ್ಲಿ ಎಲ್ಲಿ ಕಂಡರೂ ಮನುಷ್ಯ ಯಾವ ಕಡೆಗಿದ್ದಾನೆಂದು ತಿಳಿಯಲಿ ಎಂದು. ಬಿಚ್ಚಿ ಹಿಡಿದರೆ ಅದು ಗಿರಣಿಯ ಅಂಗಳದ ಈ ಗೋಡೆಯಿಂದ ಆ ಗೋಡೆಗೆ ಹೋಗಿ ಮತ್ತೆ ಅರ್ಧ ತಿರುಗಿ ಬರುತ್ತಿತ್ತು.

ಮನೆಗೆ ತಂದಾಗ ಅವ್ವ ಇದೇನೆಂದು ಕೇಳಿದಳು. "ಕಾಕಾ ಅಕ್ಕಲಕೋಟದಾಗ ಮಾಡಿ ಕೊಟ್ಟಾರ. ಇದನ್ನ ಕಟಿಗೊಂಡ್ರ ಜೀವ ಉಳೀತದ" ಎಂದೆ. ಅದಕ್ಕಿಂತ ಹೆಚ್ಚು ವಿವರಿಸಿದರೆ ಅವಳು ಹೆದರಿಯಾಳೆಂದು ಸುಮ್ಮನಾದೆ. ಹೊರಡುವ ದಿನ ಅವಳೇ ಅದನ್ನು ಹಳದಿ ವಸ್ತ್ರದಲ್ಲಿ ಕಟ್ಟಿ ಚೀಲಕ್ಕೆ ಹಾಕಿದಳು.

ಮನಾಲಿಯ ಮೇಲೆ ನಾವು ಇಳಿಯಬೇಕೆಂದಿದ್ದ ಗುಡ್ಡದ ನೆತ್ತಿಯಲ್ಲಿ ನಿಂತಾಗ ಬಿಸಿಲಿತ್ತು. ಕೆಳಗೆ ಒಂದು ಗೆರೆಯೂ ಬೀಳದ ಬಿಳಿ. ಕೋನಮಾಪಕ ಹಿಡಿದು ನೋಡಿದೆ. ಅಂಕಿ ನನಗೆ ಇಷ್ಟವಾಗಲಿಲ್ಲ. ವಿನಾಯಕ ಸ್ಕೀ ಕಟ್ಟಿಕೊಳ್ಳುತ್ತ ನಗುತ್ತಿದ್ದ. ಅವನ ಬಳಿ ದಾರವಿರಲಿಲ್ಲ. ನಾನು ಹಳದಿ ಗಂಟು ಬಿಚ್ಚಿ, ಸೊಂಟಕ್ಕೆ ತುದಿ ಕಟ್ಟಿ, ಉಳಿದದ್ದನ್ನು ಹಿಂದಕ್ಕೆ ಬಿಟ್ಟೆ. ನಾಲ್ಕೈದು ಮಾರು ಬಂತು. ಅಷ್ಟೇ. ಕತ್ತರಿಸಿದ ತುದಿಗೆ ಕುಂಕುಮ ಹತ್ತಿತ್ತು.

ಏನಾಗಿದೆಯೆಂದು ತಕ್ಷಣ ತಿಳಿಯಿತು. ಸ್ವಾಮಿಗಳ ಸಮಾಧಿಯಿರುವ ಅಕ್ಕಲಕೋಟದಿಂದ ಬಂದ ಕೆಂಪು ದಾರ, ಅದರಲ್ಲಿ ತಗಡಿನ ತಾಯಿತಗಳು, ಮೇಲೆ ಜೀವ ಉಳಿಸುತ್ತದೆಂಬ ನನ್ನ ಮಾತು. ಅವ್ವ ಅದನ್ನು ದೇವರ ಜಗಲಿಯ ಮೇಲಿಟ್ಟಿದ್ದಳು. ನಮ್ಮ ವಾಡೆಯ ಅಕ್ಕಪಕ್ಕದ ಮನೆಗಳ ಹೆಂಗಸರೆಲ್ಲ ಬಂದು ಮಕ್ಕಳ ಕೈಗೆ, ತೊಟ್ಟಿಲಿಗೆ, ಎಮ್ಮೆಯ ಕೊಂಬಿಗೆ ಒಂದೊಂದು ತುಣುಕು ಒಯ್ದಿದ್ದರು.

ಆಗ ಆ ಸದ್ದು ಕೇಳಿಸಿತು. 'ಧಪ್.' ಹೊಟ್ಟಿನ ರಾಶಿ ನನ್ನ ಮೇಲೆ ಕೂತಾಗಿನದೇ ಸದ್ದು, ಈಗ ಕಾಲ ಕೆಳಗಿಂದ. ನನಗೆ ಅರಿವಿಲ್ಲದೆ ಎರಡೂ ಕೈ ಬಾಯಿಯ ಮುಂದೆ ಬಂದಿದ್ದವು. ನಾನು ಇಳಿಯುವುದಿಲ್ಲ, ನಿನ್ನನ್ನೂ ಇಳಿಯಗೊಡುವುದಿಲ್ಲ ಎಂದು ವಿನಾಯಕನ ತೋಳು ಹಿಡಿದೆ. ಯಾವ ಸದ್ದೂ ಆಗಲಿಲ್ಲ ಎಂದು ಅವನು ಮರಾಠಿಯಲ್ಲಿ ಬೈದ. ಈಗಲೂ ಹಾಗೆಯೇ ಅನ್ನುತ್ತಾನೆ. ಹತ್ತಿದ ದಾರಿಯಲ್ಲೇ, ದಿಣ್ಣೆಯ ನೆತ್ತಿ ಹಿಡಿದು ಮರಳಿದೆವು. ಸಂಜೆಗೆ ಮೋಡ ಮುಚ್ಚಿತು, ಮೂರು ದಿನ ತೆರೆಯಲಿಲ್ಲ. ಆ ಇಳಿಜಾರು ಕುಸಿಯಿತೋ ಇಲ್ಲವೋ ನನಗೆ ಗೊತ್ತಿಲ್ಲ. ಕೇಳಿದ್ದು ಹಿಮದ ಸದ್ದೋ ಹೊಟ್ಟಿನ ನೆನಪೋ, ಅದೂ ಗೊತ್ತಿಲ್ಲ.

ಊರಿಗೆ ಬಂದವನೇ ಅಕ್ಕಲಕೋಟಕ್ಕೆ ಹೋದೆ. ಕಾಕಾ ಮೊದಲು ಕೇಳಿದ್ದು, "ದಾರ ತೋರಸು." ಮಾರು ಹಾಕಿ ಅಳೆದರು. "ಉಳದದ್ದು?"

ಹೇಳಿದೆ. ಸಿಟ್ಟಾಗುತ್ತಾರೆಂದು ಕಾದೆ.

"ಎಮ್ಮಿಗೂ ಕಟ್ಯಾರ?"

"ಹೂಂರಿ."

"ಸೋಲಾಪುರದಾಗ ಎಮ್ಮಿ ಯಾವ ಬರ್ಫದಾಗ ಸಿಗಬೀಳತದೋ ಮಾರಾಯಾ" ಎಂದು ಹೊಟ್ಟೆ ಹಿಡಿದು ನಕ್ಕರು. ನಗು ನಿಂತ ಮೇಲೆ ಆ ದಾರವನ್ನು ಬೆರಳಿಗೆ ಸುತ್ತಿ ಬಿಚ್ಚಿದರು. ಆಮೇಲೆ ಬಲಗೈ ಮುಂದೆ ಚಾಚಿದರು. "ನನಗೂ ಒಂದ ತುಣಕ ಕಟ್ಟು. ಉಳದದ್ದು ನಿನ್ನ ಕಡೆ ಇರಲಿ." ಇಂಥವನ್ನೆಲ್ಲ ನಂಬದ ನಾನು ಕಟ್ಟಿದೆ. ಅವರ ಮಣಿಕಟ್ಟು ಬೆವತಿತ್ತು. ನಾವು ಮಾತಾಡಿದ್ದು ಅದೇ ಕೊನೆ.

ಆ ಬೇಸಿಗೆಯ ಒಂದು ಮಧ್ಯಾಹ್ನ ಕಾಕಾ ಮಲಗಿದವರು ಏಳಲಿಲ್ಲ. ನಾನು ಊರು ಮುಟ್ಟುವಷ್ಟರಲ್ಲಿ ಅವರನ್ನು ಗೋಡೆಗೆ ಆನಿಸಿ ಕೂಡಿಸಿದ್ದರು. ಬಾಯಿಯ ಮುಂದಿದ್ದ ಕೈಗಳನ್ನು ಯಾರೋ ಬಿಡಿಸಿ ತೊಡೆಯ ಮೇಲೆ ಇಟ್ಟಿದ್ದರು. ಕೆಂಪು ತುಣುಕು ಮಣಿಕಟ್ಟಿನಲ್ಲೇ ಇತ್ತು, ಬಣ್ಣ ಹೋಗಿತ್ತು.

ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ, ಕೂಡಿಸಿ ಮಣ್ಣು ಮಾಡುತ್ತಾರೆ. ಚಿಕ್ಕಂದಿನಿಂದ ನೋಡಿದ್ದೇ. ಅವತ್ತು ಮಾತ್ರ ಹೊಲದ ಅಂಚಿನ ಆ ಕುಣಿಯನ್ನು ನೋಡಲಾಗಲಿಲ್ಲ. ಕುಣಿಯ ಗೋಡೆಯಲ್ಲಿ ಕೊರೆದ ಗೂಡಿನಲ್ಲಿ ಅವರನ್ನು ಕೂಡಿಸಿದರು. ಮುಖದ ಮುಂದೆ ಬೊಗಸೆಯಷ್ಟು ಜಾಗ ಕಂಡಿತು. ಆಮೇಲೆ ವಿಭೂತಿ, ಪತ್ರಿ ತುಂಬುತ್ತ ಬಂದರು. ನಾನು ಕಿಸೆಯಿಂದ ಉಳಿದ ದಾರ ತೆಗೆದೆ. ಕುಣಿಗೆ ಇಳಿದು ಅವರ ಮಣಿಕಟ್ಟಿನ ತುಣುಕಿಗೆ ಗಂಟು ಹಾಕಿದೆ. ಇನ್ನೊಂದು ತುದಿ ಹಿಡಿದು ಮೇಲೆ ಬಂದೆ.

ಅಯ್ಯನವರು ಕೈ ನಿಲ್ಲಿಸಿ, "ಅದೇನೋ ತಮ್ಮಾ?" ಎಂದರು.

ದೂರ ನಿಂತಿದ್ದ ಕಾಕಿ ಸೆರಗು ಸರಿಮಾಡಿಕೊಂಡು ಹೇಳಿದಳು: "ಇರಲಿ ಬಿಡ್ರಿ ಅಯ್ಯನವರ. ಅವರ ಸಾಮಾನು ಅದು."

ಮಣ್ಣು ಬಿದ್ದಿತು. ಗಿರಣಿ ನೋಡಿಕೊಳ್ಳುವ ಕಾಕಾನ ತಮ್ಮ, ಅಂಥ ದಾರವೇನೂ ಇರಲಿಲ್ಲ, ನೀನೇ ಕಲ್ಪಿಸಿಕೊಂಡಿದ್ದೀ ಎನ್ನುತ್ತಾರೆ. ನನ್ನ ನೆನಪನ್ನು ನಾನೇ ನಂಬುವವನಲ್ಲ. ಅದಕ್ಕೇ ಮೂರನೆಯ ದಿನ ಒಬ್ಬನೇ ಹೋಗಿ ನೋಡಿದೆ. ಹಸಿ ಮಣ್ಣಿನ ಮೇಲೆ ಗೇಣುದ್ದ ಕೆಂಪು ದಾರವಿತ್ತು. ತಗಡಿನ ಬಾಣದ ಮೊನೆ ಕೆಳಗೆ. ಬಗ್ಗಿ, ಎರಡು ಬೆರಳಿನಲ್ಲಿ ಹಿಡಿದು ಮೆಲ್ಲಗೆ ಎಳೆದೆ. ಕೆಳಗೆ ಗಟ್ಟಿಯಾಗಿ ಹಿಡಿದಿತ್ತು.