ಷಡ್ಡಕನ ಹಣೆ

ನಾಗಪುರದ ಇತವಾರಿ ಪೇಟೆಯಲ್ಲಿ ಕೇದಾರನಾಥನಿಗೆ ಬ್ಯಾಡಗಿ ಮೆಣಸಿನಕಾಯಿ ವ್ಯಾಪಾರ. ಗದಗಿನಿಂದ ಬಂದ ಅಪ್ಪ ಹಾಕಿದ ಅಂಗಡಿ. ಒಮ್ಮೆ ಸ್ಕೂಟರಿನಿಂದ ಬಿದ್ದು ತಲೆಗೆ ಪೆಟ್ಟಾಯಿತು. ಮಿದುಳು ಬಾತಿದೆಯೆಂದು ಡಾಕ್ಟರು ಹಣೆಯ ಎಡಗಡೆಯ ಎಲುಬು ತೆಗೆದಿಟ್ಟು, ಬಾವು ಇಳಿದ ಮೇಲೆ ಅದನ್ನೇ ಮತ್ತೆ ಕೂಡಿಸಿದರು. ಜೀವ ಉಳಿಯಿತು. ಆದರೆ ಆ ಎಲುಬು ಬರಬರುತ್ತ ಒಳಗೊಳಗೇ ಸವೆದು, ಹುಬ್ಬಿನ ಮೇಲೆ ಅರ್ಧ ನಿಂಬೆಹಣ್ಣು ಕೂಡುವಷ್ಟು ತಗ್ಗು ಬಿತ್ತು. ಅಂದಿನಿಂದ ಅಂಗಡಿಯಲ್ಲೂ ಟೋಪಿ, ಮದುವೆಯಲ್ಲೂ ಟೋಪಿ.

ಅವನ ಹೆಂಡತಿ ಕೀರ್ತಿಯ ತಂಗಿ ದೀಪಾಲಿ. ಅವಳ ಗಂಡ ಬಸವಪ್ರಸಾದ ಉಮರೇಡಿನ ಕಲ್ಲಿದ್ದಲು ಗಣಿಯಲ್ಲಿ ಸರ್ವೇಯರ್. ಟ್ರಕ್ಕು ತಾಗಿ ಬೈಕಿನಿಂದ ಬಿದ್ದಾಗ ಅವನ ಹಣೆಯ ಎಲುಬು ಪುಡಿಯಾಯಿತು. ತಿರುಗಿ ಕೂಡಿಸಲು ಏನೂ ಉಳಿಯಲಿಲ್ಲ. ಡಾಕ್ಟರ್ ನೇಹಾ ಸ್ಕ್ಯಾನ್ ನೋಡಿ, ಗಾಜಿನ ನಾರು, ರಾಳ ಕೂಡಿಸಿದ ಕೃತಕ ಎಲುಬನ್ನು ಅವನ ಅಳತೆಗೆ ಮಾಡಿಸಿ ಹಾಕಿದರು.

ಅವನು ಗುಣವಾದ ಮೇಲೆ ಕೀರ್ತಿ ಎಲ್ಲರನ್ನೂ ಊಟಕ್ಕೆ ಕರೆದಳು. ಬಡಿಸುತ್ತ ಅವನ ಹಣೆಯನ್ನೇ ನೋಡಿದಳು.

"ನೋಡ್ರಿ, ಹೆಂಗ ದುಂಡಗ ಆಗೇತಿ! ಪೆಟ್ಟು ಬಿದ್ದದ್ದ ಗೊತ್ತಾಗೂದಿಲ್ಲ."

ಕೇದಾರನಾಥನ ಕೈಯ ಹೋಳಿಗೆ ಕೈಯಲ್ಲೇ ಉಳಿಯಿತು. ತನ್ನ ಹಣೆಯನ್ನು ಅವಳು ಹೀಗೆ ನೋಡಿ ಎಷ್ಟು ಕಾಲವಾಯಿತು?

"ಚಲೋ ಐತಿ," ಎಂದ. "ಆದ್ರ ನಮ್ಮ ನಾಗಪುರದ ಬಿಸಿಲಿಗೆ ಆ ರಾಳ ಕರಗತೈತಿ ಅಂತ ಕೇಳೀನಿ. ಜ್ವಾಕಿ, ತಮ್ಮಾ."

ಅವನು ಎಲ್ಲಿಯೂ ಹಾಗೆ ಕೇಳಿರಲಿಲ್ಲ.

ಏಪ್ರಿಲ್ ಬಂತು. ಬಸವಪ್ರಸಾದ ರಜೆ ಹಾಕಿ ಮನೆಯಲ್ಲೇ ಕುಳಿತ. ಕಿಟಕಿಗೆಲ್ಲ ಪರದೆ, ತಲೆಗೆ ಒದ್ದೆ ಟವೆಲ್. "ಮಾಮಾ, ಇವರು ಹೊರಗ ಕಾಲಿಡವಲ್ಲರು," ಎಂದು ದೀಪಾಲಿ ಫೋನಿನಲ್ಲಿ ಅತ್ತಳು. ಕೇದಾರನಾಥ ಸಮಾಧಾನ ಹೇಳಿದ. ಆಮೇಲೆ ಕುಳಿತು ಒಂದು ರೊಟ್ಟಿ ಹೆಚ್ಚಿಗೆ ಉಂಡ.

ಕೊನೆಗೆ ಬಸವಪ್ರಸಾದನೇ ಫೋನ್ ಮಾಡಿದ. "ಅಣ್ಣಾ, ಡಾಕ್ಟರ್ ಕಡೆ ಹೋಗೂಣು, ನೀನೂ ಬಾ. ಒಬ್ಬಂವಗ ಧೈರ್ಯ ಸಾಲವಲ್ದು."

ಡಾಕ್ಟರ್ ನೇಹಾ ಎಲ್ಲವನ್ನೂ ಕೇಳಿ ತಲೆ ಅಲ್ಲಾಡಿಸಿದರು. ಗಟ್ಟಿಯಾದ ಮೇಲೆ ಅದು ಬಿಸಿಲಿಗೆ ಕರಗುವ ವಸ್ತುವೇ ಅಲ್ಲ, ಅದರ ಅಂಚಿಗೆ ನಿಮ್ಮ ಎಲುಬು ಬೆಳೆದು ಕೂಡಿಕೊಳ್ಳುತ್ತಿದೆ ಎಂದು ಹಿಂದಿಯಲ್ಲಿ ತಿಳಿಸಿ ಹೇಳಿದರು. "ಯಾರು ಹೇಳಿದರು ನಿಮಗೆ?"

ಕೇದಾರನಾಥ ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡ.

"ಮಂದಿ ಏನೇನರ ಹೇಳ್ತಾರ್ರಿ," ಎಂದ ಬಸವಪ್ರಸಾದ. ತುಸು ತಡೆದು, "ನಮ್ಮ ಅಣ್ಣಗೂ ಇದನ್ನ ಹಾಕಾಕ ಬರತೈತೇನ್ರಿ?" ಎಂದು ಕೇಳಿದ.

ಅವನು ಜಗಳಕ್ಕೆ ನಿಂತಿದ್ದರೆ ಕೇದಾರನಾಥನಿಗೆ ಸುಲಭವಾಗುತ್ತಿತ್ತು. ಈ ಒಳ್ಳೆಯತನ ಮಾತ್ರ ಮೈಯೆಲ್ಲ ಉರಿಸಿತು: ಹಣೆಯೂ ಇವನದೇ ಚಂದ, ಮನಸ್ಸೂ ಇವನದೇ ಚಂದ! ಆದರೂ ಡಾಕ್ಟರರ ಮುಂದೆ ಟೋಪಿ ತೆಗೆದ.

ಡಿಸೆಂಬರಿನಲ್ಲಿ ಆಪರೇಷನ್ ಆಯಿತು. ಬ್ಯಾಂಡೇಜು ಬಿಚ್ಚಿದ ದಿನ ಕೀರ್ತಿ ಗಂಡನ ಹುಬ್ಬಿನ ಮೇಲೆ ಬೆರಳಾಡಿಸಿ ಕಣ್ಣೊರೆಸಿಕೊಂಡಳು. ಅವನು ಕನ್ನಡಿ ತರಿಸಿ ನೋಡಿದ. ತಗ್ಗು ತುಂಬಿತ್ತು. ಅಷ್ಟರಲ್ಲಿ ದೀಪಾಲಿಯೊಂದಿಗೆ ಬಸವಪ್ರಸಾದ ಬಂದ. ಕೇದಾರನಾಥನ ಕಣ್ಣು ತಾನಾಗಿಯೇ ಅವನ ಹಣೆಗೆ ಹೋಯಿತು. ಅವನದೇ ಒಂದು ಕೂದಲೆಳೆ ಹೆಚ್ಚು ದುಂಡಗೆ ಕಂಡಿತು. ಹೊಟ್ಟೆಯಲ್ಲಿ ಹಳೆಯ ಕಿಚ್ಚು ಸಣ್ಣಗೆ ಎದ್ದಿತು.

ಕನ್ನಡಿ ಕೆಳಗಿಟ್ಟು, ಕಾಲು ಮಡಚಿ ಮಂಚದ ಮೇಲೆ ಜಾಗ ಮಾಡಿದ.

"ಬಾ ತಮ್ಮಾ, ಇಲ್ಲೇ ಕೂಡು."