ಶಾಂತಕುಮಾರಿ ಮೇಡಂ ಮಾಡಿದ ಮಾವ–ಬಾವ ಪಾಠ

ಹಳ್ಳಿಮೈಸೂರಿನ ಬೈರಯ್ಯ ಮಗಳನ್ನು ಸ್ಕೂಲಿಗೆ ಸೇರಿಸಲು ಹೋದಾಗ ಮೇಷ್ಟ್ರು ಹೆಸರು ಕೇಳಿದರು.

"ಕೆಂಚಿ ಅಂತೀವಿ ಸಾ."

ಅಷ್ಟರಲ್ಲಿ ಕೆಂಚಿ ಮೇಷ್ಟ್ರ ಕೆಮ್ಮನ್ನು ಅವರೆದುರಿಗೇ ಕೆಮ್ಮಿ ತೋರಿಸಿಯಾಗಿತ್ತು. ಅವರು ಒಂದು ಗಳಿಗೆ ಅವಳನ್ನೇ ದಿಟ್ಟಿಸಿ ರಿಜಿಸ್ಟರಿನಲ್ಲಿ 'ಶಾಂತಕುಮಾರಿ' ಎಂದು ಬರೆದುಕೊಂಡರು. ಹೆಸರಿನಿಂದಲಾದರೂ ಗುಣ ಬರಲಿ ಎಂಬ ಆಸೆ ಇದ್ದಿರಬೇಕು. ಬರಲಿಲ್ಲ.

ಹಾಸನದ ಹಾಸ್ಟೆಲಿನಲ್ಲಿದ್ದು ಓದಿ ೧೯೫೮ರಲ್ಲಿ ಅವಳು ಬಿ.ಎ. ಪಾಸು ಮಾಡಿದಳು. ಅವರ ಕೇರಿಗೆ ಅದೇ ಮೊದಲ ಡಿಗ್ರಿ. ಅರಕಲಗೂಡಿನ ಒಂದು ಮಾಧ್ಯಮಿಕ ಶಾಲೆಯಲ್ಲಿ ಕೆಲಸವೂ ಸಿಕ್ಕಿತು. ಸ್ಟಾಫ್ ರೂಮಿನಲ್ಲಿ ಎಲ್ಲರ ಕುರ್ಚಿಗಳೂ ಮೇಜಿನ ಸುತ್ತ ಇದ್ದರೆ ಇವಳದು ಮಾತ್ರ ಬಾಗಿಲ ಹತ್ತಿರ ಇತ್ತು. ಯಾಕೆಂದು ಯಾರೂ ಹೇಳಲಿಲ್ಲ, ಅವಳೂ ಕೇಳಲಿಲ್ಲ. ಮೇಜಿನ ಸುತ್ತ ಕೂತವರು ಒಬ್ಬೊಬ್ಬರೂ ಹೇಗೆ ಕೂರುತ್ತಾರೆ, ಹೇಗೆ ಆಕಳಿಸುತ್ತಾರೆ ಎಂಬುದು ಅಲ್ಲಿಂದ ಚೆನ್ನಾಗಿ ಕಾಣುತ್ತಿತ್ತು. ಅದನ್ನೆಲ್ಲ ತರಗತಿಯಲ್ಲಿ ಮಕ್ಕಳಿಗೆ ಮಾಡಿ ತೋರಿಸುತ್ತಿದ್ದಳು.

ಹೆಡ್ಮಾಸ್ಟರ್ ಪರಮಶಿವಯ್ಯನವರಿಗೆ ನಶ್ಯದ ಚಟ. ಯಾವ ಮಾತನ್ನಾದರೂ 'ಅಂದರೆ ಏನಪ್ಪಾ ಅಂತಂದರೆ' ಎಂದೇ ಶುರುಮಾಡುತ್ತಿದ್ದರು. ೧೯೬೨ರ ಒಂದು ಮಧ್ಯಾಹ್ನ ಏಳನೇ ಕ್ಲಾಸಿನಲ್ಲಿ ಶಾಂತಕುಮಾರಿ ನಶ್ಯ ಏರಿಸಿ, ಮೂಗು ಒರೆಸಿ, 'ಅಂದರೆ ಏನಪ್ಪಾ' ಎನ್ನುವಷ್ಟರಲ್ಲಿ ಮಕ್ಕಳ ನಗು ಗಪ್ಪನೆ ನಿಂತಿತು. ತಿರುಗಿ ನೋಡಿದರೆ ಬಾಗಿಲಲ್ಲಿ ಪರಮಶಿವಯ್ಯನವರು. ಅವರು ಬಂದ ದಾರಿಯಲ್ಲೇ ಹೊರಟುಹೋದರು.

ಮುಂದಿನ ವಾರ ಅವಳನ್ನು ಕರೆಸಿದರು.

"ಸರ್ಕ್ಯುಲರ್ ಬಂದಿದೆ ಕಣಮ್ಮ. ಕಿವುಡು ಮಕ್ಕಳಿಗೆ ಪಾಠ ಹೇಳೋ ಟ್ರೈನಿಂಗು, ಮೈಸೂರಲ್ಲಿ ಒಂದು ವರ್ಷ. ಡಿಗ್ರಿ ಆಗಿರೋರೇ ಬೇಕಂತೆ. ನಮ್ಮಲ್ಲಿ ಡಿಗ್ರಿ ಆಗಿರೋಳು ನೀನೊಬ್ಬಳೇ. ಹೆಸರು ಕಳಿಸಿದೀನಿ."

"ನನ್ನ ಒಂದ್ಮಾತು ಕೇಳ್ದೇನೇ ಕಳಿಸ್ಬುಟ್ರಾ ಸಾ?"

"ಅಂದರೆ ಏನಪ್ಪಾ ಅಂತಂದರೆ," ಪರಮಶಿವಯ್ಯನವರು ನಶ್ಯದ ಡಬ್ಬಿ ತಟ್ಟಿದರು, "ಅಲ್ಲಿ ನೀನು ಯಾರ ದನೀಲಿ ಬೇಕಾದರೂ ಮಾತಾಡಬಹುದು. ಕೇಳಿಸಲ್ಲ."

ಶಾಂತಕುಮಾರಿಗೆ ಸಿಟ್ಟು ಬರಬೇಕಿತ್ತು. ನಗು ಬಂತು. ಈ ಮನುಷ್ಯನಿಗೆ ಇಷ್ಟು ಹಾಸ್ಯ ಗೊತ್ತಿದೆ ಎಂದು ಅವಳು ಅಂದುಕೊಂಡಿರಲಿಲ್ಲ.

ಮೈಸೂರಿನ ಆ ತರಬೇತಿ ಶಾಲೆಯಲ್ಲಿ ಹನ್ನೊಂದು ಜನ ಪದವೀಧರ ಶಿಕ್ಷಕರಿದ್ದರು. ಕಲಿಸುವವರು ಅನಸೂಯಮ್ಮ ಎಂಬ ಕಟ್ಟುನಿಟ್ಟಿನ ಹೆಂಗಸು. ಅವರ ಮೊದಲ ನಿಯಮ, ಕೈ ಮಡಿಲಲ್ಲಿರಬೇಕು. ಕಿವುಡ ಮಗು ನಮ್ಮ ತುಟಿ ನೋಡಿ ಮಾತು ತಿಳಿಯಬೇಕು, ಬಾಯಿಬಿಟ್ಟು ಉತ್ತರ ಹೇಳಬೇಕು, ಕೈಸನ್ನೆ ಕೂಡದು. ಆಗ ಎಲ್ಲ ಕಡೆ ಅದೇ ಪದ್ಧತಿ. ಕನ್ನಡಿಯ ಮುಂದೆ ಮಗುವನ್ನು ಪಕ್ಕಕ್ಕೆ ಕೂರಿಸಿಕೊಂಡು ನಾಲಿಗೆ ಎಲ್ಲಿ ಹೋಗುತ್ತದೆಂದು ತೋರಿಸಬೇಕು. 'ಪ' ಅಂದರೆ ತುಟಿಯ ಮುಂದೆ ಹಿಡಿದ ಕಾಗದದ ಚೂರು ಅಲ್ಲಾಡಬೇಕು. 'ಬ' ಅಂದರೆ ಗಂಟಲು ಮುಟ್ಟಿ ನೋಡಬೇಕು, 'ಮ' ಅಂದರೆ ಮೂಗು. ಬೇರೆಯವರೆಲ್ಲ ಕನ್ನಡಿ ಮುಂದೆ ನಾಚಿಕೊಂಡು ಬಾಯಿ ಮುಚ್ಚಿಕೊಂಡರೆ ಶಾಂತಕುಮಾರಿಗೆ ಹಬ್ಬ. ಇಷ್ಟು ವರ್ಷ ಬೈಸಿಕೊಂಡು ಮಾಡಿದ್ದನ್ನೇ ಇಲ್ಲಿ ಪಾಠ ಎನ್ನುತ್ತಿದ್ದರು.

ಶಾಲೆಯ ಹಿಂದಿನ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಇನ್ನೊಂದು ಪಾಠ ನಡೆಯುತ್ತಿತ್ತು. ಹಾಸ್ಟೆಲಿನ ಕಿವುಡ ಮಕ್ಕಳು ಅಲ್ಲಿ ಯಾರ ಹೆದರಿಕೆಯೂ ಇಲ್ಲದೆ ಕೈಯಲ್ಲೇ ಹರಟುತ್ತಿದ್ದರು. ಕೊಣನೂರಿನಿಂದ ಬಂದಿದ್ದ ಹತ್ತು ವರ್ಷದ ಲಕ್ಷ್ಮಿದೇವಮ್ಮ ಅವರಲ್ಲಿ ಮುಂದಾಳು. ಅವಳ ಸನ್ನೆಯಲ್ಲಿ ಎಲ್ಲರಿಗೂ ಒಂದೊಂದು ಹೆಸರು. ಕನ್ನಡಕ ಮೇಲಕ್ಕೆ ತಳ್ಳಿದರೆ ಅನಸೂಯಮ್ಮ. ಕನ್ನಡಿ ಮುಂದೆ ಮಾಡುವ ಹಾಗೆ ನಾಲಿಗೆಯಿಂದ ಕೆನ್ನೆ ಉಬ್ಬಿಸಿದರೆ ಶಾಂತಕುಮಾರಿ. ತನ್ನನ್ನೇ ಅಣಕಿಸಬಲ್ಲವರನ್ನು ಕಂಡು ಶಾಂತಕುಮಾರಿ ಅಲ್ಲೇ ಶಿಷ್ಯೆಯಾದಳು.

ಒಮ್ಮೆ ಎಲ್ಲರೂ ಒಂದು ಇಡೀ ದಿನ ಕಿವಿಗೆ ಮೇಣದ ಹತ್ತಿ ತುರುಕಿಕೊಂಡು ಇರಬೇಕೆಂದು ಅನಸೂಯಮ್ಮ ಹೇಳಿದರು. ಶಾಂತಕುಮಾರಿ ಹಾಗೇ ಊರಿಗೆ ಬಂದಳು. ಅಂಗಳದಾಚೆ ತಾಯಿ ಮಾರಮ್ಮ ಪಕ್ಕದ ಮನೆಯವಳಿಗೆ ಏನೋ ಹೇಳುತ್ತಿದ್ದಳು. ತುಟಿಯ ಮೇಲೆ ಸ್ಪಷ್ಟವಾಗಿ ಕಂಡಿತು: ಗಂಡು, ನಾಳೆ, ನೋಡಕ್ಕೆ ಬತ್ತಾರೆ.

"ನಂಗ್ಯಾವ ಗಂಡೂ ಬ್ಯಾಡ! ಬಂದೋರ್ನ ಅಂಗೇ ಓಡುಸ್ತೀನಿ!" ಎಂದು ಕೇರಿಗೆಲ್ಲ ಕೇಳುವಂತೆ ಕಿರುಚಿದಳು.

ಮಾರಮ್ಮ ಹತ್ತಿರ ಬಂದು ಮಗಳ ಕಿವಿಯಿಂದ ಹತ್ತಿ ಕಿತ್ತಳು. "ಗಂಡುಕರ ಕಣೇ! ನಮ್ ಅಸೀನ ಗಂಡುಕರ ನೋಡಕ್ಕೆ ಬತ್ತಾವ್ರೆ. ನಿನ್ನ ಯಾವನ್ ಕೇಳ್ದ?"

ತುಟಿ ಅರ್ಧ ಹೇಳುತ್ತದೆ, ಉಳಿದರ್ಧ ನಾವು ಊಹಿಸುತ್ತೇವೆ ಎಂಬುದು ಅವಳಿಗೆ ಅವತ್ತು ತಿಳಿಯಿತು.

ವರ್ಷದ ಕೊನೆಗೆ ಪ್ರಾಯೋಗಿಕ ಪರೀಕ್ಷೆ. ಬೆಂಗಳೂರಿನಿಂದ ಪರೀಕ್ಷಕರಾಗಿ ಚನ್ನಬಸವಯ್ಯನವರು ಬಂದರು. ಅವರ ಮೀಸೆ ಮೇಲ್ತುಟಿಯನ್ನು ಪೂರ್ತಿ ನುಂಗಿತ್ತು. ಲಕ್ಷ್ಮಿದೇವಮ್ಮನನ್ನು ಎದುರಿಗೆ ನಿಲ್ಲಿಸಿ "ನಿನ್ನ ಹೆಸರೇನು?" ಎಂದರು. ಆ ಮೀಸೆಯಲ್ಲಿ ಏನೂ ಕಾಣದೆ ಅವಳು ಊಹಿಸಿ, "ಅನ್ನ, ಸಾರು" ಎಂದಳು.

"ಈ ಮಗುವಿಗೆ ಏನೂ ಕಲಿಸಿಲ್ಲ," ಎಂದು ಬರೆದುಕೊಳ್ಳಲು ಹೊರಟರು ಚನ್ನಬಸವಯ್ಯ.

"ಸಾ, ತಪ್ಪು ತಿಳ್ಕಬ್ಯಾಡಿ," ಎಂದಳು ಶಾಂತಕುಮಾರಿ. "ಬರೆಯೋಕ್ ಮುಂಚೆ ನೀವೂ ಒಂದು ಪರೀಕ್ಷೆ ಕೊಡ್ತೀರಾ?"

ಅನಸೂಯಮ್ಮನವರ ಕನ್ನಡಕ ಮೂಗಿನ ತುದಿಗೆ ಜಾರಿತು. ಚನ್ನಬಸವಯ್ಯನವರಿಗೆ ಇಲ್ಲ ಎನ್ನಲು ಮರ್ಯಾದೆ ಅಡ್ಡಬಂತು. ಕಿವಿಗೆ ಹತ್ತಿ ಇಟ್ಟುಕೊಂಡರು. ಶಾಂತಕುಮಾರಿ ಅವರ ಎದುರು ನಿಂತು ಒಂದು ಪದ ಹೇಳಿದಳು.

"ಬಾವ," ಎಂದರು ಚನ್ನಬಸವಯ್ಯ.

ಇನ್ನೊಂದು ಹೇಳಿದಳು. "ಮಾವ," ಎಂದರು. ಮತ್ತೊಂದಕ್ಕೆ ಸ್ವಲ್ಪ ತಡೆದು, "ಮತ್ತೆ ಬಾವ."

"ಮೂರೂ ತಪ್ಪು ಸಾ. ಮಾವ, ಬಾವ, ಮಾವ ಅಂದೆ. ಹಿಂಗೇ ಆದ್ರೆ ಸಂಬಂಧವೇ ಕೆಟ್ಟೋಯ್ತದೆ."

ಹತ್ತಿ ತೆಗೆದ ಮೇಲೆ ಅದನ್ನು ಅವಳು ಎರಡನೇ ಸಲ ಹೇಳಬೇಕಾಯಿತು. ಆಮೇಲೆ ಲಕ್ಷ್ಮಿದೇವಮ್ಮನನ್ನು ಕರೆದು, ಆ ಹುಡುಗಿಯ ಬೆರಳನ್ನು ತನ್ನ ಮೂಗಿನ ಮೇಲೆ ಇಟ್ಟುಕೊಂಡು ಒಂದೊಂದೇ ಪದ ಹೇಳಿದಳು. ಮೂಗು ಗುಂಯ್ ಎಂದರೆ 'ಮಾವ'. ಸುಮ್ಮನಿದ್ದರೆ 'ಬಾವ'. ಹುಡುಗಿ ತನ್ನ ಒರಟು ದನಿಯಲ್ಲಿ ಮೂರಕ್ಕೆ ಮೂರನ್ನೂ ಸರಿಯಾಗಿ ಹೇಳಿದಳು.

ಆಮೇಲೆ ಬೆಂಗಳೂರಿನ ಪರೀಕ್ಷಕರು ತಮ್ಮ ಮೂಗಿನ ಮೇಲೆ ತಾವೇ ಬೆರಳಿಟ್ಟುಕೊಂಡು ಮೆಲ್ಲಗೆ, "ಮಾವ... ಬಾವ... ಮಾವ..." ಎನ್ನತೊಡಗಿದರು. ಅವರನ್ನು ನೋಡಿ ಮಕ್ಕಳೆಲ್ಲ ಮೂಗು ಹಿಡಿದುಕೊಂಡರು. ಮಡಿಲಲ್ಲಿ ಕೈ ಇಟ್ಟುಕೊಂಡು ಒಂದು ವರ್ಷ ನಗದೆ ಕೂತಿದ್ದ ಅನಸೂಯಮ್ಮ ಆ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡು ಹೊರಗೆ ಓಡಿದರು.

ಶಾಂತಕುಮಾರಿ ಎರಡನೇ ಸ್ಥಾನದಲ್ಲಿ ಪಾಸಾದಳು. ಮೊದಲ ಸ್ಥಾನ ಬಾಯಿ ತೆರೆಯದವರೊಬ್ಬರಿಗೆ ಹೋಯಿತು.

೧೯೬೪ರಲ್ಲಿ ಅವಳಿಗೆ ಚನ್ನರಾಯಪಟ್ಟಣದ ಒಂದು ಶಾಲೆಯಲ್ಲಿ, ಮುರಿದ ಬೆಂಚು ತುಂಬಿದ್ದ ಕೋಣೆಯೊಂದನ್ನು ಕಿವುಡ ಮಕ್ಕಳ ತರಗತಿಗೆಂದು ಕೊಟ್ಟರು. ಕೋಣೆ ಸಿಕ್ಕಿತು, ಮಕ್ಕಳಿರಲಿಲ್ಲ. ಅವಳು ಮನೆಮನೆ ತಿರುಗಿದಳು. ಊರಾಚೆಯ ದೊಡ್ಡ ಜಮೀನುದಾರ ರಂಗಸ್ವಾಮಿಗೆ ನಂಜಮ್ಮ ಎಂಬ ಕಿವುಡು ಮಗಳಿದ್ದಾಳೆಂದು ಕೇಳಿ ಅಲ್ಲಿಗೂ ಹೋದಳು. ರಂಗಸ್ವಾಮಿಯ ತಾಯಿ ದೊಡ್ಡತಾಯಮ್ಮ ಅವಳ ಊರು ಕೇರಿ ವಿಚಾರಿಸಿ, "ಜಗಲೀಲೇ ಕೂತು ಏನ್ ಹೇಳ್ಕೊಡ್ತೀಯೋ ಹೇಳ್ಕೊಡವ್ವ," ಎಂದಳು.

"ಅದಕ್ಕೇನಂತೆ ಅಜ್ಜಿ. ಆದ್ರೆ ದೊಡ್ಡ ಕನ್ನಡಿ ಇಲ್ದೆ ಈ ಪಾಠ ಆಗಕಿಲ್ಲ. ಎಲ್ಲೈತೆ?"

ಇದ್ದದ್ದು ಒಂದೇ, ನಡುಮನೆಯ ಗೋಡೆಯಲ್ಲಿ ಗಾರೆ ಹಾಕಿ ಕೂರಿಸಿದ್ದು.

"ಅಂಗಾರೆ ಗೋಡೆ ಒಡ್ದು ಈಚೆಗ್ ತರ್ಸಿ," ಎಂದಳು ಶಾಂತಕುಮಾರಿ, ಜಗಲಿಯ ಮೇಲೆ ಆರಾಮಾಗಿ ಕೂತು.

ಅಜ್ಜಿ ಕನ್ನಡಿ, ಗೋಡೆ, ಇವಳು, ಮೂರನ್ನೂ ನೋಡಿದಳು. ಅವಳು ಯೋಚಿಸುತ್ತಿರುವಾಗಲೇ ಹನ್ನೆರಡು ವರ್ಷದ ನಂಜಮ್ಮ ಬಂದು ಮೇಡಂ ಕೈ ಹಿಡಿದು ದರದರನೆ ಒಳಗೆ ಎಳೆದುಕೊಂಡು ಹೋದಳು. ಯಾರೂ ತಡೆಯಲಿಲ್ಲ. ಆಮೇಲಿಂದ ವಾರಕ್ಕೆ ಮೂರು ಸಂಜೆ ನಡುಮನೆಯಲ್ಲೇ ಪಾಠ.

ನಂಜಮ್ಮ ತರಗತಿಗೂ ಬರತೊಡಗಿದಳು. ದೊಡ್ಡಮನೆಯ ಮಗಳೇ ಬಂದಳೆಂದು ಬೇರೆಯವರೂ ತಮ್ಮ ಮಕ್ಕಳನ್ನು ಕಳಿಸಿದರು. ೧೯೬೮ರ ಹೊತ್ತಿಗೆ ಆ ಕೋಣೆಯಲ್ಲಿ ಹದಿನೇಳು ಮಕ್ಕಳಿದ್ದರು. ಅಲ್ಲಿ ಬಾಯಿಗೂ ಕೆಲಸ, ಕೈಗೂ ಕೆಲಸ. ಸನ್ನೆ ಮಾಡಬಾರದೆಂಬ ನಿಯಮವನ್ನು ಶಾಂತಕುಮಾರಿ ಇನ್ಸ್‌ಪೆಕ್ಟರು ಬಂದ ದಿನ ಮಾತ್ರ ಪಾಲಿಸುತ್ತಿದ್ದಳು.

ಕಷ್ಟಕ್ಕೆ ಬಂದದ್ದು ರಂಗಸ್ವಾಮಿಯ ಮನೆಯವರಿಗೆ. ನಂಜಮ್ಮನಿಗೆ ಏನೂ ತಿಳಿಯದೆಂದು ಹನ್ನೆರಡು ವರ್ಷ ಅವಳೆದುರಿಗೇ ಎಲ್ಲವನ್ನೂ ಆಡಿದ್ದವರು ಅವರು. ಈಗ ಅವಳಿಗೆ ತುಟಿ ಓದಲೂ ಮಾತಾಡಲೂ ಬಂದಿತ್ತು. ಬೆಲ್ಲ ಮುಟ್ಟಬಾರದೆಂದು ಡಾಕ್ಟರು ಹೇಳಿದ್ದರೂ ಅಜ್ಜಿ ಬೆಲ್ಲದ ಅಚ್ಚನ್ನು ಎಲ್ಲಿ ಬಚ್ಚಿಟ್ಟಿದ್ದಾಳೆ, ಅತ್ತೆಯ ಬಗ್ಗೆ ಸೊಸೆ ಏನಂದಳು, ಎಲ್ಲ ಒಂದೊಂದಾಗಿ ಈಚೆಗೆ ಬಂತು. ಅಂದಿನಿಂದ ಆ ಮನೆಯಲ್ಲಿ ಎಲ್ಲರೂ ಬಾಯಿಗೆ ಅಂಗೈ ಅಡ್ಡ ಹಿಡಿದೇ ಮಾತಾಡುತ್ತಿದ್ದರು.

ಒಂದು ದಿನ ಬಂದ ನೆಂಟರೊಬ್ಬರು ಇದನ್ನು ನೋಡಿ ನೋಡಿ ಸಾಕಾಗಿ ಕೇಳಿದರು: "ಏನ್ ಗೌಡ್ರೇ, ಮನೆಯೋರಿಗೆಲ್ಲ ಒಟ್ಟಿಗೇ ಹಲ್ನೋವಾ?"

ಮನೆಯವರು ಪೆಚ್ಚಾಗಿ ಬಾಯಿಂದ ಅಂಗೈ ಇಳಿಸಿದರು. ನೆಂಟರ ತುಟಿ ಓದಿ ಮೊದಲು ನಕ್ಕವಳು ನಂಜಮ್ಮ.